ರಂಪಿಗೆಯ ಮಗ್ಗುಲಿಗೆ ಪಾನಾ

ಹಳೆಯ ಕಾರಿನ ರಿಪೇರಿ ಬಗ್ಗೆ ಬರೀತೀವಿ ಅಂದರೆ, ಇವರಿಗೂ ಉಳ್ಳವರ ಶೋಕಿ ಹತ್ತಿತೇನು ಅಂತ ಗೆಳೆಯರು ಕೇಳಬಹುದು. ಕೇಳಲಿ. ಶೋಕಿ ಮಾಡುವವರ ಕಾರು ನಾಕೈದು ವರ್ಷಕ್ಕೆ ಬದಲಾಗುತ್ತದೆ. ಅವರು ಮಾರಿದ್ದು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಇಳಿದು ಇಳಿದು ಕಡೆಗೆ ನಮ್ಮಂಥವರ ಅಂಗಳಕ್ಕೆ ಬಂದು ನಿಲ್ಲುತ್ತದೆ. ಊರಿನ ಹಳೆ ಅಂಗಿ, ಹಳೆ ಸೀರೆ, ಹಳಸಿದ ರೊಟ್ಟಿ ಕೇರಿಗೆ ಇಳಿದು ಬಂದ ಹಾದಿ ನಮಗೆ ಗೊತ್ತಿಲ್ಲದ್ದಲ್ಲ. ವ್ಯತ್ಯಾಸ ಒಂದೇ. ಈ ಕಾರಿಗೆ ನಾವು ರೊಕ್ಕ ಎಣಿಸಿದ್ದೇವೆ. ಕೈಯೊಡ್ಡಿ ತಂದದ್ದಲ್ಲ.

ನಮ್ಮೂರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ. ಕೃಷ್ಣೆಯ ದಂಡೆ, ಎರಿ ನೆಲ, ಕಣ್ಣು ಹಾಯುವಷ್ಟು ದೂರ ಕಬ್ಬು. 1989ರಲ್ಲಿ ಈ ಭಾಗದ ರೈತರು ಸರಕಾರದ ಹಾದಿ ಕಾಯದೆ ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು ಹೊಳೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಅಂತ ಅದರ ಹೆಸರು. ಮುಂದೆ ನಿಂತ ಸಿದ್ದು ನ್ಯಾಮಗೌಡರು 1991ರ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದಿಲ್ಲಿಗೆ ಹೋದರು. ಇದು ನಾಡಿಗೆಲ್ಲ ಗೊತ್ತಿರುವ ಕಥೆ. ಆದರೆ ಕಟ್ಟಿದ ಮೇಲೆ ಅದು ಕೆಡದಂತೆ ನೋಡಿಕೊಳ್ಳುವ ಕೈಗಳ ಕಥೆ ಯಾರೂ ಹೇಳುವುದಿಲ್ಲ. ಕಟ್ಟುವುದಕ್ಕೆ ಹೆಸರುಂಟು, ಕೆಡದಂತೆ ಇಡುವುದಕ್ಕೆ ಹೆಸರಿಲ್ಲ. ಹೊಳೆಯ ಒಡ್ಡಿಗೂ ಇದೇ ಮಾತು, ಅಂಗಳದ ಗಾಡಿಗೂ ಇದೇ ಮಾತು.

ನಮ್ಮದು 1998ರ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಕಾರ್ಬೊರೇಟರಿನ ಗಾಡಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಈ ಜಾತಿಯ ಮೊದಲ ಕಾರಿನ ಕೀಲಿ ಕೊಟ್ಟಾಗ ಅದರ ಬೆಲೆ ಅರ್ಧ ಲಕ್ಷದ ಆಸುಪಾಸು. ಜನಸಾಮಾನ್ಯರ ಕಾರು ಅಂದರು. ಆ ಜನಸಾಮಾನ್ಯರಲ್ಲಿ ನಾವು ಇರಲಿಲ್ಲ. ಆಗ ನಮ್ಮ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ನಮ್ಮ ಪಾಳಿ ಬಂದದ್ದು 2009ರಲ್ಲಿ. ಅಣ್ಣತಮ್ಮಂದಿರು ಮೂವರು, ಇಬ್ಬರ ಕಬ್ಬು ಕಡಿದ ಕೂಲಿ, ಒಬ್ಬನ ಮಾಸ್ತರಿಕೆಯ ಪಗಾರ ಕೂಡಿಸಿ ಕೊಂಡೆವು. 2014ರ ಜನವರಿಯಲ್ಲಿ ಕಂಪನಿಯವರು ಈ ಗಾಡಿ ಮಾಡುವುದನ್ನೇ ನಿಲ್ಲಿಸಿದರು. ನಮ್ಮ ಅಂಗಳದಲ್ಲಿ ಅದು ನಿಂತಿಲ್ಲ.

ಯಾಕೆ ನಿಂತಿಲ್ಲ? ಇದೇ ನಾವು ಹೇಳಬೇಕಾದ ಮಾತು.

ನಮ್ಮಜ್ಜ ಕಪಿಲೆಯ ತೊಗಲು ಬಾನಿ ಹೊಲಿದವರು. ಬಾವಿಯ ನೀರನ್ನು ಊರಿನ ಹೊಲಕ್ಕೆ ಎತ್ತಿದ್ದು ಅವರು ಹೊಲಿದ ಬಾನಿ. ಬಾವಿಯ ಕಟ್ಟೆ ಮುಟ್ಟುವ ಹಕ್ಕು ಮಾತ್ರ ಅವರಿಗಿರಲಿಲ್ಲ. ನಮ್ಮಪ್ಪ ಚಪ್ಪಲಿ ಹೊಲಿದವರು. ಗಾಡಿ ತಂದ ಮೊದಲ ವರ್ಷವೇ ಕಾರ್ಬೊರೇಟರಿನ ಬುಡದ ಪ್ಯಾಕಿಂಗು ಹರಿದು ಗಾಳಿ ಎಳೆಯತೊಡಗಿತು. ಇಂಜಿನ್ನು ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿತ್ತು. ಜಮಖಂಡಿಯ ಅಂಗಡಿಯಲ್ಲಿ ಆ ಪ್ಯಾಕಿಂಗು ಇರಲಿಲ್ಲ. ಅಪ್ಪ ಹರಿದದ್ದನ್ನು ಕೈಯಲ್ಲಿ ಹಿಡಿದು ನೋಡಿದರು. “ಹಾಳಿ ಎಲ್ಲಿ ಸಿಗತೈತಿ ಹೇಳ್ರಿ, ನಾ ಕೊಯ್ದು ಕೊಡತೇನಿ” ಅಂದರು. ಪ್ಯಾಕಿಂಗ್ ಹಾಳೆ ತಂದುಕೊಟ್ಟೆವು. ಹಳೆಯದನ್ನು ಅದರ ಮೇಲಿಟ್ಟು, ಉಗುರಿನಿಂದ ಗೆರೆ ಎಳೆದು, ಚಪ್ಪಲಿಯ ಅಟ್ಟೆ ಕೊಯ್ಯುವ ರಂಪಿಗೆಯಿಂದ ಕೊಯ್ದರು. ಬೋಲ್ಟಿನ ತೂತುಗಳನ್ನು ಉಳಿಯಿಂದ ಹೊಡೆದರು. ಕೂಡಿಸಿದರೆ ಕೂದಲೆಳೆಯ ಸಂದು ಇಲ್ಲ. ಗಾಡಿ ಸುಮ್ಮನೆ ನಿಂತು ಉಸಿರಾಡಿತು. “ಅಳತಿ ಕಣ್ಣಾಗ ಇರತೈತಿ, ಪಟ್ಟಿಯಾಗಲ್ಲೋ” ಅಂದರು ಅಪ್ಪ.

ಅವತ್ತಿನಿಂದ ನಮ್ಮ ಮನೆಯ ಗೂಡಿನಲ್ಲಿ ರಂಪಿಗೆಯ ಮಗ್ಗುಲಿಗೆ ಪಾನಾಗಳೂ ಕೂತವು. ನಟ್ಟು ಬೋಲ್ಟು ತಿರುವುವ ಪಾನಾ ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳರ ನಂಬರಿನವು ಇದ್ದರೆ ಈ ಗಾಡಿಯ ಬಹುಪಾಲು ಕೆಲಸ ಮನೆಯಲ್ಲೇ ಆಗುತ್ತದೆ. ಹೆಡ್ ಗ್ಯಾಸ್ಕೆಟ್ ಮಾತ್ರ ರಂಪಿಗೆಯಿಂದ ಕೊಯ್ಯಲು ಬಾರದು. ಅದು ಸಿಲಿಂಡರಿನ ಬೆಂಕಿ ತಡೆಯಬೇಕು, ಕೊಂಡೇ ಹಾಕಬೇಕು. ಯಾವುದು ಕೈಯಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಳಿಯುವುದೇ ಅರ್ಧ ವಿದ್ಯೆ.

ಈ ವಿದ್ಯೆಯಲ್ಲಿ ಕಿವಿಯೇ ಮೊದಲ ಗುರು. ಮೂರರಲ್ಲಿ ಒಂದು ಸಿಲಿಂಡರು ಕೈಕೊಟ್ಟರೆ ಗಾಡಿ ಕುಂಟುತ್ತದೆ, ಮೈಯೆಲ್ಲ ನಡುಗುತ್ತದೆ. ಯಾವುದು ಅಂತ ಹುಡುಕಬೇಕೆ? ರಬ್ಬರ್ ಹಿಡಿಕೆಯ ಇಕ್ಕಳದಿಂದ ಪ್ಲಗ್ಗಿನ ವಾಯರನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದರೂ ಇಂಜಿನ್ನಿನ ನಡೆ ಬದಲಾಗುವುದಿಲ್ಲವೋ ಸತ್ತದ್ದು ಅದೇ. ಪ್ಲಗ್ಗು ಬಿಚ್ಚಿ ಅದರ ಬಾಯಿ ನೋಡಿ. ಇಟ್ಟಿಗೆಯ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ನಿನ ರಿಂಗು ಸವೆದಿರಬಹುದು, ಇಲ್ಲವೆ ವಾಲ್ವಿನ ಸೀಲು ಹೋಗಿರಬಹುದು. ಬೇಸಿಗೆಯಲ್ಲಿ ದಿನಾ ಮುಂಜಾನೆ ರೇಡಿಯೇಟರಿನ ನೀರು ನೋಡಬೇಕು. ಇದರ ಹೆಡ್ಡು ಅಲ್ಯುಮಿನಿಯಮ್ಮಿನದು, ಒಮ್ಮೆ ಕುದಿದರೆ ಡೊಂಕಾಗುತ್ತದೆ. ಟೈಮಿಂಗ್ ಬೆಲ್ಟು ಹರಿಯುವ ಮುಂಚೆ ಕೂಗಿ ಹೇಳುವುದಿಲ್ಲ, ಹೇಳುವ ಮುಂಚೆಯೇ ಬದಲಿಸಬೇಕು. ನಮ್ಮ ಎರಿ ಮಣ್ಣು ಇನ್ನೊಂದು ವೈರಿ. ಕಬ್ಬಿನ ಹಾದಿಯ ಕೆಸರು ಗಾಡಿಯ ಹೊಟ್ಟೆಗೆ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ, ತಗಡು ಒಳಗೊಳಗೇ ತುಕ್ಕು ತಿನ್ನುತ್ತದೆ. ಮೇಲೆ ತೊಳೆದು ಮಿಂಚಿಸುವುದು ಶೋಕಿ. ಕೆಳಗೆ ಮಲಗಿ ಕೆಸರು ಕೆರೆಯುವುದು ಸಾಕಣೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿದಳು. ತಗ್ಗಿನಲ್ಲಿದ್ದವರಿಗೆ ನೀರು ಮೊದಲು. ಹಾದಿ ಆಗಲೇ ಮುಳುಗಿತ್ತು. ಮುದುಕರು, ಮಕ್ಕಳು, ದನ, ಕಾಳಿನ ಚೀಲ ಸಾಗಿಸುವಷ್ಟರಲ್ಲಿ ಗಾಡಿ ಸೀಟಿನ ಮಟ ಮುಳುಗಿತು. ನೀರು ಇಳಿದ ಮೇಲೆ ಪೇಟೆಯ ಒಂದು ಗ್ಯಾರೇಜಿನವರು ನೋಡಿ, “ಗುಜರಿಗಿ ಹಾಕ್ರಿ, ಇದರಾಗ ಏನೂ ಉಳದಿಲ್ಲ” ಅಂದರು. ನಾವು ಹಾಕಲಿಲ್ಲ. ಕೀಲಿ ತಿರುವಲೂ ಇಲ್ಲ. ಇಂಜಿನ್ನಿನೊಳಗೆ ನೀರಿರುವಾಗ ಕೀಲಿ ತಿರುವಿದರೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಮೊದಲು ಬ್ಯಾಟರಿಯ ವಾಯರು ಬಿಚ್ಚಿದೆವು. ಮೂರೂ ಪ್ಲಗ್ಗು ತೆಗೆದು, ಪಾನಾ ಹಾಕಿ ಕೈಯಿಂದಲೇ ಇಂಜಿನ್ನು ತಿರುವಿದೆವು. ಪ್ಲಗ್ಗಿನ ತೂತಿನಿಂದ ಕೆಂಪು ನೀರು ಚಿಮ್ಮಿತು. ಕೆಳಗಿನ ಎಣ್ಣೆ ಹಾಲು ಹಾಕಿದ ಚಾದಂತೆ ಆಗಿತ್ತು. ಅದನ್ನು ಚೆಲ್ಲಿ ಹೊಸ ಎಣ್ಣೆ ಹಾಕಿದೆವು, ಮತ್ತೆ ಚೆಲ್ಲಿ ಮತ್ತೆ ಹಾಕಿದೆವು. ಪೆಟ್ರೋಲ್ ಟಾಕಿ ಇಳಿಸಿ ತೊಳೆದೆವು. ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆಯನ್ನು ಹಪ್ಪಳದ ಹಾಗೆ ಬಿಸಿಲಿಗಿಟ್ಟೆವು. ಬ್ರೇಕಿನ ಡ್ರಮ್ಮು ಬಿಚ್ಚಿ ರಾಡಿ ತೆಗೆದು, ಗಾಲಿಯ ಬೇರಿಂಗಿಗೆ ಹೊಸ ಗ್ರೀಸು ತುಂಬಿದೆವು. ಒಂಬತ್ತನೆಯ ದಿನ ಗಾಡಿ ಹೊಗೆ ಬಿಟ್ಟು ಎದ್ದಿತು. ಮನೆಯ ಗೋಡೆ ಬಿದ್ದಿತ್ತು, ಗಾಡಿ ಎದ್ದಿತ್ತು. ಆ ವಾರವೆಲ್ಲ ಅದು ಕೇರಿಯ ಜ್ವರದ ಮಕ್ಕಳನ್ನು ಜಮಖಂಡಿಯ ದವಾಖಾನೆಗೆ ಹೊತ್ತಿತು.

ಕೇರಿಯ ಮಕ್ಕಳನ್ನಷ್ಟೇ ಅಲ್ಲ. ನಮ್ಮಪ್ಪನನ್ನು ಬಾಳೆಲ್ಲ “ಏ” ಅಂತ ಕರೆದ ಮನೆಯವರು ಒಂದು ರಾತ್ರಿ ಬ್ಯಾನಿ ತಿನ್ನುವ ಸೊಸೆಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. “ಯಪ್ಪಾ, ಗಾಡಿ ತಗೀರಿ” ಅಂದರು. ಅಪ್ಪ ಒಂದು ಮಾತೂ ಆಡದೆ ಕೀಲಿ ಎಸೆದರು. ಗಾಡಿ ಯಾರ ಕೈಯಲ್ಲಿ ಬದುಕಿದೆ ಅಂತ ಆ ರಾತ್ರಿ ಯಾರೂ ಕೇಳಲಿಲ್ಲ. ಹಗಲಿನಲ್ಲಿ ಮರೆಯುತ್ತಾರೆ, ಅದು ಬೇರೆ ಮಾತು.

ಈಗ ಕಾನೂನಿನ ಲೆಕ್ಕಕ್ಕೆ ಬರೋಣ. ಸ್ವಂತದ ಕಾರಿನ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 2018ರಲ್ಲಿ ನಾವು ಕಟ್ಟಿದ ಫೀ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2023ರಲ್ಲಿ ಕಟ್ಟಿದೆವು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಳೆಯ ಗಾಡಿ ಹೊಗೆ ಹೆಚ್ಚು ಉಗುಳುತ್ತದೆ ಅನ್ನುವ ಮಾತು ಸುಳ್ಳಲ್ಲ. ಬ್ರೇಕು ನೋಡಲಿ, ಹೊಗೆ ಅಳೆಯಲಿ, ಕೆಟ್ಟಿದ್ದರೆ ತಳ್ಳಲಿ, ಅದು ನ್ಯಾಯ. ಆದರೆ ಪರೀಕ್ಷೆಯಲ್ಲಿ ಪಾಸಾದ ಗಾಡಿಗೂ ವಯಸ್ಸಿನ ದಂಡ ಯಾಕೆ? ಹೊಸದು ಕೊಳ್ಳಲು ತಾಕತ್ತಿದ್ದವನು ಈ ಫೀ ಕಟ್ಟುವ ಪ್ರಸಂಗವೇ ಬರುವುದಿಲ್ಲ. ಕಟ್ಟುವವರು ಕೊಳ್ಳಲಾರದವರು.

ಇನ್ನು ಪೆಟ್ರೋಲು. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ ಹಿಂದಕ್ಕೆಳೆದು 2025ರಲ್ಲೇ ಮುಟ್ಟಿದರು. ಎಥೆನಾಲ್ ಬರುವುದು ಎಲ್ಲಿಂದ? ಗೋವಿನಜೋಳ, ಅಕ್ಕಿಯಿಂದಲೂ ಬರುತ್ತದೆ, ನಮ್ಮ ಸೀಮೆಯಲ್ಲಿ ಕಬ್ಬಿನಿಂದ. ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಗ್ಯಾಂಗು ಕಟ್ಟಿಕೊಂಡು ನಾವೇ ಕಡಿದ ಕಬ್ಬು ಅದು. ರವದಿಯಿಂದ ಮೈ ಕೊಯ್ಸಿಕೊಂಡು ಕಡಿದ ಕಬ್ಬು ತಿರುಗಿ ಬಂದು ನಮ್ಮ ಗಾಡಿಯ ರಬ್ಬರ್ ಪೈಪು ತಿನ್ನುತ್ತದೆ! ಕಾರ್ಬೊರೇಟರಿನ ಕಾಲದ ಗಾಡಿ ಈ ಬೆರಕೆಗೆ ಹುಟ್ಟಿದ್ದಲ್ಲ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಟಾಕಿಯ ತುಕ್ಕನ್ನು ಸಡಿಲಿಸಿ ಜೆಟ್ಟಿಗೆ ತಂದು ಕೂಡಿಸುತ್ತದೆ. ಮೈಲೇಜು ನೂರಕ್ಕೆ ಆರೇಳು ಪಾಲು ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ನಾವು ಮಾಡುವುದಿಷ್ಟು. ಹಳೆಯ ಪೈಪು ಕಿತ್ತು ಎಥೆನಾಲ್ ತಾಳುವ ಪೈಪು ಹಾಕಿದ್ದೇವೆ. ಪೆಟ್ರೋಲ್ ಫಿಲ್ಟರನ್ನು ಮೊದಲಿಗಿಂತ ಬೇಗ ಬದಲಿಸುತ್ತೇವೆ. ಬಹಳ ದಿನ ನಿಲ್ಲಿಸುವುದಿದ್ದರೆ ಕಾರ್ಬೊರೇಟರಿನ ಬಟ್ಟಲು ಬರಿದು ಮಾಡುತ್ತೇವೆ. ಜೋಡಣೆಗಳನ್ನು ವಾರಕ್ಕೊಮ್ಮೆ ಮೂಸಿ ನೋಡುತ್ತೇವೆ. ಪೆಟ್ರೋಲು ಸೋರಿದರೆ ಬೆಂಕಿಗೆ ಜಾತಿ ಗೊತ್ತಾಗುವುದಿಲ್ಲ.

ಹಳ್ಳಿಯ ಶಾಲೆಯಲ್ಲಿ ಕಲಿಸುವ ಮಾಸ್ತರರೇ, ನಿಮಗೊಂದು ಮಾತು. ಕೈಗೆ ಮಸಿ ಹತ್ತುವ ಕೆಲಸ ದಡ್ಡರದು ಅಂತ ಮಕ್ಕಳ ತಲೆಗೆ ತುಂಬಬೇಡಿ. ಇಂಜಿನ್ನಿನೊಳಗೆ ಭೌತಶಾಸ್ತ್ರವಿದೆ, ತುಕ್ಕಿನೊಳಗೆ ರಸಾಯನವಿದೆ, ರಂಪಿಗೆಯ ಗೆರೆಯೊಳಗೆ ರೇಖಾಗಣಿತವಿದೆ. ತಲೆತಲಾಂತರ ಈ ವಿದ್ಯೆಯನ್ನು ಉಳಿಸಿದ ಕೈಗಳನ್ನೇ ಮುಟ್ಟಬಾರದವು ಅಂದರು. ಕಸುಬು ನಮ್ಮದು, ಅದಕ್ಕೆ ಅಂಟಿಸಿದ ಹೊಲೆ ನಮ್ಮದಲ್ಲ. ಹೊಲೆಯನ್ನು ಕಳೆದು ಕಸುಬನ್ನು ಮುಂದಿನವರಿಗೆ ದಾಟಿಸಬೇಕು. 2028ಕ್ಕೆ ನಮ್ಮ ಗಾಡಿ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಅಷ್ಟರೊಳಗೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಕಾರ್ಬೊರೇಟರು ಬಿಚ್ಚಿ ಕೂಡಿಸಲು ಕಲಿಯುತ್ತಿದ್ದಾಳೆ.