ಎಡಗೈಗೊಂದು ಪುಸ್ತಕ

ಕಾಗಿಣಾ ಹೊಳೆಯ ಕಡೆಯಿಂದ ಗಾಳಿ ಬೀಸುವ ಸಂಜೆ. ಮಳಖೇಡದ ನಮ್ಮ ಪಡಸಾಲೆಯ ಶಹಾಬಾದ್ ಕಲ್ಲು ಹಗಲಿನ ಕಾವನ್ನೆಲ್ಲ ಕಳೆದುಕೊಂಡು ತಣ್ಣಗಾಗಿದೆ. ಅದರ ಮೇಲೆ ಮೂರು ಪುಸ್ತಕ ಹರಡಿದ್ದೇನೆ. ಎದುರಿಗೆ ಕೂತವರು ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ನಲವತ್ತು ವರ್ಷ ಭಜನೆಗೆ ಪೇಟಿ ನುಡಿಸಿದವರು. ಮಗಳು ಕೊಡಿಸಿದ ಕೀಬೋರ್ಡಿನ ಮೇಲೆ ಪಿಯಾನೋ ಕಲಿಯುವ ಆಸೆ ಅವರಿಗೆ.

ಮೊದಲು ಕೊಟ್ಟದ್ದು ಜಾನ್ ಥಾಂಪ್ಸನ್ನರ ಮಕ್ಕಳ ಪುಸ್ತಕ. ದಪ್ಪ ಅಕ್ಷರ, ಚಿತ್ರ, ಪುಟ್ಟ ಪುಟ್ಟ ಹಾಡು. ನಾಲ್ಕು ಹಾಳೆ ತಿರುವಿ, “ಇದು ಸಣ್ಣ ಹುಡುಗರದ್ದು ಅದ ಅಲ್ರೀ” ಎಂದು ಮೆಲ್ಲಗೆ ಮುಚ್ಚಿಟ್ಟರು. ನನಗೆ ಚುರುಕ್ಕೆಂದಿತು. ಅವರ ಬೆರಳು ಹೊಸತು, ಕಿವಿ ಹಳೆಯದು.

ಎರಡನೆಯದು ಭಾತಖಂಡೆಯವರ ಕ್ರಮಿಕ ಪುಸ್ತಕ ಮಾಲಿಕಾ, ಆರು ಭಾಗಗಳಲ್ಲಿ ಮೊದಲನೆಯದು. ಕೋಮಲ ಸ್ವರಕ್ಕೆ ಅಡಿಗೆರೆ, ತಾರಸ್ವರಕ್ಕೆ ಮೇಲೊಂದು ಚುಕ್ಕೆ. ಅವರ ಮುಖ ಅರಳಿತು, ಪುಟದ ಮೇಲೆಯೇ ಬೆರಳು ಓಡಿತು. ಆದರೆ ಅದು ಕಂಠಕ್ಕೆ ಬರೆದ ಪುಸ್ತಕ. ಎಡಗೈಗೆ ಅಲ್ಲಿ ಕೆಲಸವಿಲ್ಲ. ಪೇಟಿಯವರ ಎಡಗೈಗೆ ತಿದಿ ಒತ್ತಿಯೇ ಗೊತ್ತು. ಸ್ವರದ ಮನೆಯನ್ನು ಅದು ಮುಟ್ಟಿಲ್ಲ.

ಮೂರನೆಯದು ಆಲ್ಫ್ರೆಡ್ ಪ್ರಕಾಶನದ ವಯಸ್ಕರ ಪಿಯಾನೋ ಪುಸ್ತಕ. ಆರಂಭದ ಪಾಠಗಳಲ್ಲೇ ಎಡಗೈಗೆ ಮೂರು ಸ್ವರದ ಗುಚ್ಛ ಕೊಡುತ್ತದೆ: ಸ, ಗ, ಪ ಒಟ್ಟಿಗೆ. ಮೊದಲೆಲ್ಲ ಬಿಳಿ ಮನೆಗಳೇ, ಅಂದರೆ ನಮ್ಮ ಬಿಲಾವಲ್. ಕರ್ನಾಟಕ ಸಂಗೀತದ ಆರಂಭದ ಪಾಠ, ಪುರಂದರದಾಸರದೆಂದು ಹೇಳುವ ಸರಳೆ ವರಸೆಯಾದರೋ ಮಾಯಾಮಾಳವಗೌಳದಲ್ಲಿದೆ. ‘ಸಿ’ ಎಂಬ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡರೆ ಅದರ ರಿ, ಧ ಎರಡೂ ಕಪ್ಪು ಮನೆಗೆ ಬೀಳುತ್ತವೆ. ಅದೇ ಸ್ವರಗಳ ಭೈರವವನ್ನು ಇವರು ಬೆಳಗಿನ ಭಜನೆಯಲ್ಲಿ ಎಷ್ಟು ಸಲ ನುಡಿಸಿಲ್ಲ!

ಎಡಗೈ ಪಾಠ ಆಲ್ಫ್ರೆಡ್ ಪುಸ್ತಕದಿಂದ, ಬಲಗೈಯ ಹಾಡು ಅವರ ಭಜನೆಯಿಂದ ಎಂದು ನಿಶ್ಚಯಿಸಿದೆ.

ಹಾಗೆ ನಿಶ್ಚಯಿಸಲು ಈ ಊರೇ ಧೈರ್ಯ ಕೊಟ್ಟಿತು. ಇದು ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ಕವಿರಾಜಮಾರ್ಗವೂ ಕಲಿಯುವವರಿಗೆ ದಾರಿ ತೋರುವ ಪುಸ್ತಕವೇ. ಗುಣ, ದೋಷ, ಅಲಂಕಾರ ಎಲ್ಲವನ್ನೂ ಅದು ಹೇಳಿಕೊಡುತ್ತದೆ. ಹಾಗೆ ಹೇಳಿಕೊಡುತ್ತಲೇ, ಪಟ್ಟು ಹಿಡಿದು ಓದದಿದ್ದರೂ ಈ ನಾಡಿನ ಜನ ಕಾವ್ಯ ಬಲ್ಲವರು ಎಂದು ಒಪ್ಪಿಕೊಳ್ಳುತ್ತದೆ. ಬಲ್ಲವರಿಗೆ ಕಲಿಸುವಾಗ ಮೊದಲು ಬೇಕಾದದ್ದು ಆ ಮರ್ಯಾದೆ.

ಅವರು ನುಡಿಸತೊಡಗಿದರು. ಎಡಗೈ ಅಭ್ಯಾಸಬಲದಿಂದ ತಿದಿ ಹುಡುಕುತ್ತ ಗಾಳಿಯಲ್ಲಿ ಎರಡು ಸಲ ಆಡಿತು. ಆಮೇಲೆ ತಾನಾಗಿ ಇಳಿದು ಸ, ಪ ಹಿಡಿದು ಕೂತಿತು. ಹಾಡು ಮುಗಿಯುವ ತನಕ ಏಳಲಿಲ್ಲ.