'ನಮ್ಮ ಕಂಪನಿ ಬಗ್ಗೆ ಏನು ಗೊತ್ತು?'

ಇಂಟರ್‌ವ್ಯೂಗೆ ಹೊರಟವರಿಗೆ ನಮ್ಮ ಮನೆಗಳಲ್ಲಿ ಸಲಹೆಗೆ ಬರವಿಲ್ಲ. ರಾಹುಕಾಲ ಕಳೆದ ಮೇಲೆ ಹೊರಡು, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಎರಡು ಹೆಚ್ಚಿಗೆ ಇಟ್ಟುಕೊ, ಕೂರು ಅಂದಮೇಲೇ ಕೂರು. ಎಲ್ಲ ಬುದ್ಧಿವಾದವೂ ಹೋಗುವವರಿಗೇ. ಹೋಗುತ್ತಿರುವ ಜಾಗ ಎಂಥದ್ದು ಎಂದು ಕೇಳಿದರೆ 'ದೊಡ್ಡ ಕಂಪನಿಯಂತೆ' ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅಷ್ಟನ್ನೇ ನಂಬಿ ಆಯುಷ್ಯದ ಹತ್ತಿಪ್ಪತ್ತು ವರ್ಷ ಒಪ್ಪಿಸಿಬಿಟ್ಟವರು ನಮ್ಮ ನೆಂಟರಲ್ಲೇ ಬೇಕಾದಷ್ಟಿದ್ದಾರೆ.

ಮೇಜಿನ ಆಚೆ ಕೂತವರು ಮಾತ್ರ ಬಿಡುವುದಿಲ್ಲ. 'ನಮ್ಮ ಕಂಪನಿ ಬಗ್ಗೆ ಏನು ಗೊತ್ತು?' ಎಂದು ಕೇಳೇ ಕೇಳುತ್ತಾರೆ. ವೆಬ್‌ಸೈಟಿನ ಮೊದಲ ಪುಟವನ್ನು ಗಿಣಿಪಾಠ ಒಪ್ಪಿಸುವುದು ಇದಕ್ಕೆ ರೂಢಿಯ ಉತ್ತರ. ಅಕೌಂಟ್ಸಿನಲ್ಲಿ ತಲೆ ನರೆಸಿಕೊಂಡು ಆ ಮೇಜಿನ ಹಿಂದೆಯೂ ಒಂದಷ್ಟು ವರ್ಷ ಕೂತ ನಾನು ಈ ಪಾಠವನ್ನು ಕಿವಿ ತುಂಬ ಕೇಳಿದ್ದೇನೆ. ನಮ್ಮ ಹೊಗಳಿಕೆಯನ್ನು ನಾವೇ ಬರೆಸಿ, ಇನ್ನೊಬ್ಬರ ಬಾಯಲ್ಲಿ ಕೇಳಿ ತಲೆಯಾಡಿಸುವುದು ನಾಚಿಕೆಯ ಕೆಲಸ. ಆದರೂ ತಲೆಯಾಡಿಸುತ್ತಿದ್ದೆವು.

ಈಚೆಗೆ ಅಣ್ಣನ ಮಗಳಿಗೆ ಹಾಸನದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಿಂದ ಅಕೌಂಟ್ಸ್ ಕೆಲಸಕ್ಕೆ ಕರೆ ಬಂತು. 'ವೆಬ್‌ಸೈಟ್ ಪೂರ್ತಿ ಓದಿದೀನಿ ಚಿಕ್ಕಪ್ಪ' ಎಂದಳು. ನಾನೂ ನೋಡಿದೆ. ಕೆಂಪು ಹಣ್ಣಿನ ಗೊಂಚಲು, ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಕೂತು ಬೀಜ ಆರಿಸುತ್ತಿರುವ ಹೆಂಗಸರು, ಅರ್ಧ ಶತಮಾನದ ಪರಂಪರೆ. 'ಇದು ಗಿರಾಕಿಗೆ ಹೇಳೋದಾಯ್ತು. ಸರ್ಕಾರಕ್ಕೆ ಏನು ಹೇಳಿದಾರೆ ನೋಡೋಣ ಬಾ' ಎಂದೆ.

ಕಂಪನಿ ಎಂದಮೇಲೆ ಅದಕ್ಕೊಂದು ಸಿಐಎನ್, ಅಂದರೆ ಸರ್ಕಾರ ಕೊಟ್ಟ ಗುರುತಿನ ನಂಬರು ಇರುತ್ತದೆ, ಅಕ್ಷರ ಅಂಕಿ ಸೇರಿ 21. ಮೊದಲಲ್ಲಿ 'ಎಲ್' ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, 'ಯು' ಇದ್ದರೆ ಅಲ್ಲ. ನಡುವಿನ ಎರಡಕ್ಷರ ರಾಜ್ಯದ್ದು, ಅದರ ಪಕ್ಕದ ನಾಲ್ಕು ಅಂಕಿ ನೋಂದಣಿಯ ವರ್ಷ. ಟೈಟನ್ ಬೆಂಗಳೂರಿನದೆಂದು ನಾವೆಲ್ಲ ಅಂದುಕೊಂಡಿದ್ದರೂ ಅದರ ನಂಬರಿನಲ್ಲಿ 'ಕೆಎ' ಇಲ್ಲ. ರಿಜಿಸ್ಟರ್ಡ್ ಆಫೀಸು ಗಡಿಯಾಚೆಯ ಹೊಸೂರಿನಲ್ಲಿದೆ. ನಮ್ಮ ಕ್ಯೂರಿಂಗ್ ವರ್ಕ್ಸಿನ ಅರ್ಧ ಶತಮಾನ ಆ ನಂಬರಿನಲ್ಲಿ ಹದಿನೈದು ವರ್ಷಕ್ಕೆ ಇಳಿದಿತ್ತು. ಹಾಗೆಂದು ಸುಳ್ಳೆನ್ನುವಂತಿಲ್ಲ. ಅಪ್ಪನ ಕಾಲದ ಪಾಲುದಾರಿಕೆ ಮಕ್ಕಳ ಕಾಲಕ್ಕೆ ಪ್ರೈವೇಟ್ ಲಿಮಿಟೆಡ್ ಆಗುವುದುಂಟು. ಷೇರುಪೇಟೆಯ ಕಂಪನಿಯಾಗಿದ್ದರೆ ಇನ್ನೂ ಅನುಕೂಲವಿತ್ತು: ನಡುಮಟ್ಟದ ನೌಕರನ ಸಂಬಳಕ್ಕೆ ಡೈರೆಕ್ಟರನ ಸಂಬಳ ಎಷ್ಟು ಪಟ್ಟು ಎಂಬುದನ್ನು ವರ್ಷ ವರ್ಷವೂ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ.

ಆಮೇಲೆ ಪಿಎಫ್. ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳು, ಎಷ್ಟು ಜನರ ಪಿಎಫ್, ಯಾವ ತಾರೀಕಿಗೆ ಕಟ್ಟಿದ್ದಾರೆ ಎಂದು ಯಾರು ಬೇಕಾದರೂ ನೋಡಬಹುದು. ಮುಂದಿನ ತಿಂಗಳ 15ರೊಳಗೆ ಕಟ್ಟುವುದು ನಿಯಮ. ತಾರೀಕು ಪದೇ ಪದೇ 20, 25 ದಾಟುತ್ತಿದ್ದರೆ ಕೈಯಲ್ಲಿ ಕಾಸು ಓಡಾಡುತ್ತಿಲ್ಲ ಎಂದು ಲೆಕ್ಕದವರು ಅರ್ಥ ಮಾಡಿಕೊಳ್ಳುತ್ತಾರೆ. ಇವರದ್ದು ತಪ್ಪದೆ 14, 15. ಜನ ಮಾತ್ರ ವರ್ಷವಿಡೀ ನಲವತ್ತರ ಆಸುಪಾಸು.

ಹುಡುಗಿ ಪರದೆಯನ್ನೇ ನೋಡುತ್ತಿದ್ದವಳು, 'ಚಿಕ್ಕಪ್ಪ, ಆ ಫೋಟೋದಲ್ಲೇ ನೂರು ಜನ ಇದ್ರಲ್ಲ?' ಎಂದಳು. ನನಗೆ ಹೊಳೆಯದೇ ಇದ್ದದ್ದು ಅವಳಿಗೆ ಹೊಳೆದಿತ್ತು.

ಆ ಪ್ರಶ್ನೆ ಬಗೆಹರಿಯಬೇಕಾದರೆ ಕಾಫಿಯ ವ್ಯವಹಾರವೇ ಗೊತ್ತಿರಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. 1990ರ ದಶಕದವರೆಗೂ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಈಗ ಅರೇಬಿಕಾದ ರೇಟು ನ್ಯೂಯಾರ್ಕಿನಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ಬೆಳೆಗಾರರು ತರುವ ಒಣ ಚೆರಿಯ ಸಿಪ್ಪೆ ಬಿಡಿಸಿ, ಗಾತ್ರ ವಿಂಗಡಿಸಿ, ಕರಿಬೀಜ ಒಡಕು ಬೀಜ ಆರಿಸುವುದು ಕ್ಯೂರಿಂಗ್. 50 ಕೆಜಿ ಚೆರಿ ಮೂಟೆಗೆ ಬೀಜ ಹೆಚ್ಚುಕಡಿಮೆ ಅರ್ಧದಷ್ಟು ಸಿಗುತ್ತದೆ. ಅದೇ ಔಟ್‌ಟರ್ನ್. ಅದರಲ್ಲಿ ಒಂದು ಕೆಜಿ ಹಿಂದೆ ಮುಂದೆ ಆದರೂ ಬೆಳೆಗಾರನಿಗೂ ಕ್ಯೂರಿಂಗಿನವರಿಗೂ ಮಾತು ಬೆಳೆಯುತ್ತದೆ. 2024ರಲ್ಲಿ ವಿಯೆಟ್ನಾಮಿನಲ್ಲಿ ಬರ ಬಿದ್ದು ರೊಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿದಾಗ ಕಾಫಿ ಸೀಮೆಯೆಲ್ಲ ಹಬ್ಬ. ಆದರೆ ರೇಟು ಏರುತ್ತಿರುವಾಗ ಬೆಳೆಗಾರ ಮಾಲನ್ನು ಮನೆಯಲ್ಲೇ ಇಟ್ಟುಕೊಂಡು ಕಾಯುತ್ತಾನೆ, ಕ್ಯೂರಿಂಗಿನ ಮೆಷಿನ್ನಿಗೆ ಕೆಲಸ ಕಡಿಮೆ. ಒಟ್ಟಿನಲ್ಲಿ ಇದು ಸೀಸನ್ನಿನ ಕಸುಬು. ಕೊಯ್ಲು ಮುಗಿದ ಮೇಲೆ ಕೈ ತುಂಬ ಕೆಲಸ, ಮಳೆ ಹಿಡಿದ ಮೇಲೆ ಆರಿಸುವವರಿಗೆ ಅಷ್ಟಿಲ್ಲ. ಸೀಸನ್ನಿನಲ್ಲಿ ಏರಿ ಮಳೆಗಾಲದಲ್ಲಿ ಇಳಿಯಬೇಕಾದ ಪಿಎಫ್ ಪಟ್ಟಿ ನಲವತ್ತಕ್ಕೇ ನಿಂತಿದೆ ಎಂದರೆ ಆ ಹೆಂಗಸರು ಬೇರೆ ಯಾರದೋ ಪಟ್ಟಿಯಲ್ಲಿರಬೇಕು, ಇಲ್ಲವೇ ಯಾರ ಪಟ್ಟಿಯಲ್ಲೂ ಇಲ್ಲ.

ಇನ್ನುಳಿದದ್ದು ಗೇಟಿನೆದುರಿನ ಟೀ ಅಂಗಡಿ. ಇಂಟರ್‌ವ್ಯೂ ಹಿಂದಿನ ದಿನ ಕೆಲಸ ಬಿಡುವ ಹೊತ್ತಿಗೆ ಹೋಗಿ ಕೂತೆವು. ಇಲ್ಲಿ ಪ್ರಶ್ನೆ ಕೇಳಬಾರದು, ಟೀ ಕುಡಿಯುತ್ತ ಕಿವಿ ತೆರೆದಿಟ್ಟಿರಬೇಕು. ತಲೆಗೆ ಟವೆಲು ಸುತ್ತಿ, ಸೀರೆಯ ಮೇಲೆ ಗಂಡಸರ ಷರ್ಟು ತೊಟ್ಟ ಹೆಂಗಸರು ಗುಂಪಾಗಿ ಹೊರಬಂದರು. ರೆಪ್ಪೆಯ ಮೇಲೂ ಸಿಪ್ಪೆಯ ಧೂಳು. 'ಶನಿವಾರ ಮೇಸ್ತ್ರಿ ಬಟವಾಡೆ ಮಾಡ್ತಾನಂತಾ?' ಎಂದು ಒಬ್ಬಾಕೆ ಇನ್ನೊಬ್ಬಾಕೆಯನ್ನು ಕೇಳಿದಳು. ನಮಗೆ ಅಷ್ಟು ಸಾಕಿತ್ತು. ಕಂಟ್ರಾಕ್ಟರ್ ಮೂಲಕ ಬಂದವರ ಪಿಎಫ್‌ಗೂ ಕೊನೆಗೆ ಹೊಣೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯದೇ ಎಂಬ ಕಾನೂನನ್ನು ಮಾತ್ರ ದಾರಿಯಲ್ಲಿ ಅವಳಿಗೆ ಹೇಳಿದೆ.

ಮರುದಿನ ಇಂಟರ್‌ವ್ಯೂನಲ್ಲಿ ಆ ಹಳೆಯ ಪ್ರಶ್ನೆ ಕೇಳಿದಾಗ ಇವಳು ನ್ಯೂಯಾರ್ಕು, ಲಂಡನ್ನು ಏನನ್ನೂ ಎತ್ತಲಿಲ್ಲವಂತೆ. ನಾಲ್ಕು ಮಾತಿನಲ್ಲಿ ಮುಗಿಸಿ, 'ಸರ್, ಬೀಜ ಆರಿಸೋರ ಪಿಎಫ್ ಕಂಟ್ರಾಕ್ಟರ್ ಕಟ್ತಾರಾ? ಅದರ ಚಲನ್ ಚೆಕ್ ಮಾಡೋದು ಈ ಕೆಲಸದಲ್ಲೇ ಬರುತ್ತಾ?' ಎಂದಳಂತೆ. ಮ್ಯಾನೇಜರು ಕನ್ನಡಕ ತೆಗೆದಿಟ್ಟು, 'ಬರುತ್ತಮ್ಮ. ಚಲನ್ ತೋರಿಸದೆ ಕಂಟ್ರಾಕ್ಟರ್ ಬಿಲ್ ಪಾಸ್ ಮಾಡಬಾರದು. ನಿಮಗಿಂತ ಮುಂಚೆ ಇದ್ದೋರು ಮಾಡ್ತಿದ್ರು. ಅದಕ್ಕೇ ಪೋಸ್ಟ್ ಖಾಲಿ ಇದೆ' ಎಂದರಂತೆ.

ಕಂಪನಿಯ ವಯಸ್ಸು, ಜನ, ಮಾಲಿನ ರೇಟು ಎಲ್ಲವನ್ನೂ ಮನೆಯಲ್ಲೇ ಕೂತು ತಿಳಿಯಬಹುದು. ನಮಗಾಗಿ ಖಾಲಿ ಇಟ್ಟಿರುವ ಕುರ್ಚಿಯಿಂದ ಹಿಂದಿನವರು ಯಾಕೆ ಎದ್ದರು ಎಂಬುದು ಮಾತ್ರ ಯಾವ ಜಾಲತಾಣದಲ್ಲೂ ಇರುವುದಿಲ್ಲ, ಅದನ್ನು ಅಲ್ಲಿಯೇ ಕೇಳಬೇಕು. ಬರಿದೇ ಕೇಳಿದರೆ 'ಅವರಿಗೆ ಬೇರೆ ಅವಕಾಶ ಸಿಕ್ಕಿತು' ಎನ್ನುತ್ತಾರೆ. ಇಷ್ಟೆಲ್ಲ ಓದಿಕೊಂಡು ಹೋದವರು ಕೇಳಿದರೆ ಕನ್ನಡಕ ತೆಗೆದು ಉತ್ತರ ಹೇಳುತ್ತಾರೆ. ಅಲ್ಲೂ ಜಾರಿಕೊಂಡರೆ, ಆ ಜಾರಿಕೆಯನ್ನೇ ಉತ್ತರವೆಂದು ತಿಳಿದು ನಮಸ್ಕಾರ ಹೇಳಿ ಎದ್ದು ಬರಬಹುದು.