ಗೋಡೆ ಹಿಡಿದು ಬಂದ ಪಿಸುಮಾತು

ವಿಜಯಪುರದ ಗೋಳಗುಮ್ಮಟಕ್ಕೆ ಮೂಲೆಗೊಂದರಂತೆ ಏಳಂತಸ್ತಿನ ನಾಲ್ಕು ಮಿನಾರುಗಳು. ಒಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ತಾರಸಿಗೆ ಬಂದು, ಗುಮ್ಮಟದ ಬುಡದ ಬಾಗಿಲು ದಾಟಿ ಒಳಸುತ್ತಿನ ಮೊಗಸಾಲೆಗೆ ಕಾಲಿಟ್ಟೆ. ನನ್ನ ಹೆಜ್ಜೆ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಯಾರೋ ನಾಲ್ಕಾರು ಜನ ಜೊತೆಗೇ ನಡೆದು ಬಂದಂತಿತ್ತು!

ಬಗ್ಗಿ ನೋಡಿದರೆ ಸುಮಾರು 33 ಮೀಟರ್ ಕೆಳಗೆ 1656ರಲ್ಲಿ ತೀರಿಕೊಂಡ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಗೋರಿಯ ಕಟ್ಟೆ. ತಲೆಯ ಮೇಲೆ, ಒಳಗಿನಿಂದಲೇ ಸುಮಾರು 38 ಮೀಟರ್ ಅಗಲದ ಗುಮ್ಮಟ. ನಡುವೆ ಆಸರೆಗೆ ಒಂದು ಕಂಬವೂ ಇಲ್ಲ.

ಗೈಡ್ ನನ್ನನ್ನು ಗೋಡೆಗೆ ಕಿವಿಯಿಟ್ಟು ಕೂರಿಸಿ ಎದುರು ದಿಕ್ಕಿಗೆ ಹೋದ. ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತದ್ದಷ್ಟೇ ಕಂಡಿತು. "ಚಾ ಆತೇನ್ರಿ?" ಕಿವಿಯ ಪಕ್ಕದಲ್ಲೇ! ಆ 'ಚಾ'ದ ಉಸಿರು ಕೂಡ ಮಾಸಿರಲಿಲ್ಲ. ನಾನೂ ಪಿಸುಗುಟ್ಟಿದೆ, "ಇನ್ನೂ ಇಲ್ಲ." ಅವನು ದೂರದಿಂದಲೇ ಕೈಯೆತ್ತಿ ನಕ್ಕ.

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪು ಬಂತು. ಒಬ್ಬ ಹುಡುಗ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿದ. ಗುಮ್ಮಟ ಅದನ್ನು ಮತ್ತೆ ಮತ್ತೆ ಕೂಗಿತು. ಹತ್ತು ಸಲ ಕೇಳುತ್ತದೆ ಎನ್ನುತ್ತಾರೆ. ನನಗೆ ಎಣಿಕೆ ತಪ್ಪಿತು. ಉಳಿದವರೂ ದನಿಗೂಡಿಸಿದ ಮೇಲೆ ಯಾರ ಹೆಸರೂ ತಿಳಿಯಲಿಲ್ಲ, ಬರೀ ಗುಂಯ್ ಎನ್ನುವ ಮೊಳಗು.

ಒಂದೇ ಗುಮ್ಮಟ ಪಿಸುಮಾತನ್ನು ಜೋಪಾನ ಮಾಡಿ, ಕೂಗನ್ನು ಪುಡಿಗಟ್ಟುವುದು ಹೇಗೆ? ಗಾರೆ ಬಳಿದ ಗಟ್ಟಿ ಗೋಡೆ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ಕೂಗಿನ 'ಆ', 'ಓ'ಗಳು ಗಾಳಿಯಲ್ಲೇ ತಂಗಿ, ಹಿಂದೆ ಬರುವ ವ್ಯಂಜನಗಳನ್ನು ಮುಳುಗಿಸುತ್ತವೆ. ಮಾತಿನ ಅರ್ಥ ಹೆಚ್ಚಾಗಿ ನಿಂತಿರುವುದು ಆ ವ್ಯಂಜನಗಳ ಮೇಲೆಯೇ. ಪಿಸುಮಾತಿನಲ್ಲಿ ಕಂಠದ ಮೊಳಗಿಲ್ಲ, ಬರೀ ಉಸಿರಿನ ಸುಯ್ಲು. ಅದರ ಅಲೆಗಳು ಗಿಡ್ಡ. ಅಲೆ ಗಿಡ್ಡವಾದಷ್ಟೂ ಒಳಬಾಗಿದ ಗೋಡೆಗೆ ಒತ್ತಿಕೊಂಡು, ತೆಳುವಾದ ಪದರವಾಗಿ ಸುತ್ತುತ್ತದೆ. ಅರ್ಧ ಸುತ್ತು ಎಂದರೆ ಸುಮಾರು 60 ಮೀಟರ್. ಒಂದು ಸೆಕೆಂಡಿನ ಐದನೇ ಒಂದು ಪಾಲೂ ಬೇಡ. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದ ಇಂಥದೇ ಬೆರಗಿಗೆ ಭೌತವಿಜ್ಞಾನಿ ಲಾರ್ಡ್ ರೇಲೀ ವಿವರಣೆ ಕೊಟ್ಟಿದ್ದರು. 1921ರಲ್ಲಿ ಸಿ.ವಿ. ರಾಮನ್ ಅಲ್ಲಿಗೇ ಹೋಗಿ ಅದನ್ನು ಪರೀಕ್ಷಿಸಿದರು. ನಮ್ಮ ಗೋಳಗುಮ್ಮಟವನ್ನೂ ಅವರು ಬಿಡಲಿಲ್ಲ.

ಬಂದವರೆಲ್ಲ ಇಲ್ಲಿ ಚಪ್ಪಾಳೆ ತಟ್ಟಿ, ಕೇಕೆ ಹಾಕಿ ಇಳಿದು ಹೋಗುವುದನ್ನು ಕಂಡು ನಿಜಕ್ಕೂ ಸಂಕಟವಾಯಿತು. ಹೋಗುವುದಾದರೆ ಬಾಗಿಲು ತೆರೆದ ಕೂಡಲೇ ಹೋಗಿ, ಜೊತೆಗೊಬ್ಬರಿರಲಿ. ಗೋಡೆಯತ್ತ ಮುಖ ಮಾಡಿ, ಮೆಲ್ಲಗೆ ಮಾತಾಡಿ.